ಗಂಜಲ ಚಿಮುಕಿಸದ ಕೋಣೆ

ಕೊಡೈಕಾನಲ್‌ನ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಕೋಣೆ ತೊಳೆದ ಪಾಪಮ್ಮಾಳ್‌ಗೆ ತೆಗೆಯಲಾಗದ ಕಲೆ ಅಂತ ಒಂದಿರಲಿಲ್ಲ. ಬಿಳಿ ಹಾಸಿಗೆಯ ಮೇಲೆ ಚೆಲ್ಲಿದ ಸಾಂಬಾರು, ಹೊಸ ಮದುಮಕ್ಕಳ ಕೋಣೆಯ ಕುಂಕುಮ, ಕುಡಿದವರು ಕಕ್ಕಿಕೊಂಡದ್ದು, ಎಲ್ಲವೂ ಅವಳ ಕೈಗೆ ಸೋತಿದ್ದವು. ಆ ಕೈಗಳೂ ಸೋತಿದ್ದವು ಅನ್ನುವುದು ಬೇರೆ ಮಾತು. ಅಂಗೈ ತುಂಬ ಬಿರುಕು, ಉಗುರೆಲ್ಲ ಹಳದಿ. ಮದುವೆ ಮುಂಜಿಗೆ ಹೋದರೆ ಅವಳು ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡೇ ಕೂರುತ್ತಿದ್ದಳು.

ಅರವತ್ತಾದಾಗ ಮಂಡಿ ಕೈಕೊಟ್ಟಿತು. ಬೆಟ್ಟ ಇಳಿದು ಓಡೈಪಟ್ಟಿಗೆ, ತಮ್ಮ ಪೆರಿಯಣ್ಣನ್ ಮನೆಗೆ ಬಂದಳು. ಹೆಸರಿನಲ್ಲಿ ದೊಡ್ಡಣ್ಣ, ಹುಟ್ಟಿನಲ್ಲಿ ತಮ್ಮ, ದ್ರಾಕ್ಷಿ ತೋಟದವನು. ಅಕ್ಕನ ಮೇಲೆ ಪ್ರೀತಿ ಇತ್ತು, ಇಲ್ಲ ಅಂದವರ ಬಾಯಲ್ಲಿ ಹುಳ ಬೀಳಲಿ. ಆದರೆ ನೆಂಟರು ಕೇಳಿದರೆ ಮಾತ್ರ, ಅಕ್ಕ ದೊಡ್ಡ ಹೋಟೆಲಿನ ಆಫೀಸಿನಲ್ಲಿದ್ದಳು ಅನ್ನುತ್ತಿದ್ದ. ಪಾಪಮ್ಮಾಳ್ ಅದನ್ನು ಅಡುಗೆಮನೆಯಿಂದ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ನೋವಾಗುತ್ತಿತ್ತು.

ಅವಳ ಜೊತೆ ಇಳಿದು ಬಂದದ್ದು ಒಂದು ಟ್ರಂಕು, ಮತ್ತು ವೈರ್ ಬುಟ್ಟಿಯಲ್ಲಿ ಒಂದು ಬೂದು ಬೆಕ್ಕು. ಹೋಟೆಲಿನ ಹಿತ್ತಲಲ್ಲಿ ಸಿಕ್ಕಿದ ಮರಿ. ಅವಳು ತೊಳೆದ ಕೋಣೆಗೆಲ್ಲ ಹಿಂದೆಯೇ ಹೋಗಿ, ಮೂಲೆಮೂಲೆ ಮೂಸಿ ನೋಡಿ ಬರುತ್ತಿದ್ದುದರಿಂದ ಅದಕ್ಕೆ ಮ್ಯಾನೇಜರ್ ಎಂದು ಹೆಸರು. ಮಕ್ಕಳಿಲ್ಲದ ಹೆಂಗಸು, ಗಂಡ ಹೋಗಿ ಬಹಳ ಕಾಲವಾಗಿತ್ತು. ಅವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ.

ತಮಿಳು ಸೀಮೆಯಲ್ಲಿದ್ದರೂ ಮನೆಯಲ್ಲಿ ಕನ್ನಡವನ್ನೇ ಆಡುವ ಅವರ ಕುಲದ ದೇವಿಯ ಬಿದಿರು ಪೆಟ್ಟಿಗೆ ವರ್ಷಕ್ಕೊಂದು ಮನೆಯಲ್ಲಿ ಇರುತ್ತದೆ. ಈ ಸಲದ ಸರದಿ ಪೆರಿಯಣ್ಣನ್‌ನದು. ಪೆಟ್ಟಿಗೆಗೆಂದು ಒಳಕೋಣೆಗೆ ಸುಣ್ಣ ಬಳಿದು ಚಾಪೆ ಹಾಸಿದ್ದರು. ದ್ರಾಕ್ಷಿ ಕೊಯ್ಲಿನ ದಿನ ಯಾರೂ ನೋಡದೆ ಆ ಕೋಣೆಗೆ ಬೀಗ ಹಾಕಿ ತೋಟಕ್ಕೆ ಹೋದರು. ಮ್ಯಾನೇಜರ್ ಒಳಗೆ ನಿದ್ದೆ ಹೊಡೆಯುತ್ತಿತ್ತು. ಸಂಜೆ ಬಾಗಿಲು ತೆಗೆದರೆ ಮೂಲೆಯಲ್ಲಿ ಉಚ್ಚೆ, ಮೂಗು ಸೀದುಹೋಗುವಂಥ ನಾತ.

ಪಾಪಮ್ಮಾಳ್ ತೊಳೆದಳು. ಪೆರಿಯಣ್ಣನ್ ಕೊಟ್ಟಿಗೆಯಿಂದ ಹಸುವಿನ ಗಂಜಲ ಹಿಡಿದು ತಂದು ಮಾವಿನ ಸೊಪ್ಪಿನಿಂದ ಮೂಲೆಗೆ ಚಿಮುಕಿಸಿದ. ಶುದ್ಧ ಅಂದರೆ ಆ ಮನೆಯಲ್ಲಿ ಅದೇ. ಮಾರನೆಯ ದಿನ ಮ್ಯಾನೇಜರ್ ಅದೇ ಮೂಲೆಗೆ ಹೋಗಿ ಮತ್ತೆ ಮಾಡಿತು. ಮತ್ತೆ ತೊಳೆದರು, ಮತ್ತೆ ಗಂಜಲ. ಮೂರನೆಯ ದಿನವೂ ಅದೇ ಕತೆ.

"ಅಕ್ಕಾ, ಬರೋ ಸುಕ್ರವಾರ ಸಾಮಿ ಪೆಟ್ಗೆ ಬತ್ತೈತೆ," ಅಂದ ಪೆರಿಯಣ್ಣನ್. "ಅಷ್ಟ್ರಾಗೆ ಈ ನಾತ ನಿಲ್ನಿಲ್ಲಾಂದ್ರೆ ಬೆಕ್ಕ ಸಂತೆ ತಾವ ಬುಟ್ಬುಟ್ಟು ಬತ್ತೀನಿ. ನೀ ಬೇಜಾರು ಮಾಡ್ಕಬ್ಯಾಡ."

ಬೇಜಾರು ಮಾಡಿಕೊಳ್ಳಬೇಡ ಅಂದುಬಿಟ್ಟರೆ ಆಯಿತೇ? ಪಾಪಮ್ಮಾಳ್ ಟ್ರಂಕು ತೆಗೆದು ಹೋಟೆಲಿನಿಂದ ತಂದಿದ್ದ ಫಿನಾಯಿಲ್ ಬಾಟಲಿ ಹುಡುಕಿದಳು. ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುವ ಗಟ್ಟಿ ಸರಕು. ಒಂದು ಮುಚ್ಚಳದ ಕಡೆ ಮೂರು ಸುರಿದು ಕೋಣೆ ಒರೆಸಿದಳು. ಒದ್ದೆ ನೆಲದ ಮೇಲೆ ಮ್ಯಾನೇಜರ್ ತನ್ನ ಅಭ್ಯಾಸದಂತೆ ಪರೀಕ್ಷೆಗೆ ಬಂತು. ಆಮೇಲೆ ಜಗಲಿಯಲ್ಲಿ ಕೂತು ಕಾಲು ನೆಕ್ಕಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಕರೆದರೆ ತಲೆ ಎತ್ತಲಿಲ್ಲ.

ವೈರ್ ಬುಟ್ಟಿಯನ್ನು ಎತ್ತಿಕೊಂಡು ಅವಳು ತೇನಿ ಪಟ್ಟಣದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕುಲದೇವಿಯನ್ನು ಬೇಡಿಕೊಂಡಳು, ಜೊತೆಗೆ ಬೈದಳು ಕೂಡ.

ಜಾನುವಾರು ಆಸ್ಪತ್ರೆಯ ಡಾಕ್ಟರ್ ಗೋಮತಿ ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಬೆಕ್ಕಿನ ಕಾಲುಗಳನ್ನು ಚೆನ್ನಾಗಿ ತೊಳೆದು, ಸೂಜಿ ಹಾಕಿ, ಆಮೇಲೆ ತಮಿಳಿನಲ್ಲಿ ವಿಚಾರಿಸಿದಳು. ಪಾಪಮ್ಮಾಳ್ ಗಂಜಲದಿಂದ ಹಿಡಿದು ಎಲ್ಲ ಒಪ್ಪಿಸಿದಳು.

"ಉಳಿಯುತ್ತದೆ, ಹೆದರಬೇಡಿ," ಅಂದಳು ಗೋಮತಿ. "ಆದರೆ ಅಮ್ಮಾ, ಉಚ್ಚೆಯ ಮೇಲೆ ಉಚ್ಚೆ ಚಿಮುಕಿಸಿದ್ದೀರಿ. ನಿಮಗೆ ಅದು ಶುದ್ಧ. ಬೆಕ್ಕಿನ ಮೂಗಿಗೆ ಅದು, ಇಲ್ಲೇ ಮಾಡು ಅಂತ ಬರೆದಿಟ್ಟ ಬೋರ್ಡು. ಇನ್ನು ಫಿನಾಯಿಲ್. ಬೆಕ್ಕಿನ ಮೈ ಅದನ್ನು ಅರಗಿಸಿಕೊಳ್ಳುವುದಿಲ್ಲ. ನೆಲಕ್ಕೆ ಹಾಕಿದ್ದೆಲ್ಲ ಕಾಲಿನಿಂದ ಅದರ ಹೊಟ್ಟೆಗೆ ಹೋಗುತ್ತದೆ."

ನನ್ನ ಕೈಯಾರೆ ನಾನೇ ವಿಷ ಇಕ್ಕಿದೆನಲ್ಲ ಎಂದು ಪಾಪಮ್ಮಾಳ್ ಅಳುತ್ತ ಕಣ್ಣೊರೆಸಿಕೊಂಡಾಗ ಗೋಮತಿ ಆ ಕೈ ನೋಡಿದಳು. ಹಿಡಿದು ತಿರುಗಿಸಿ ನೋಡಿದಳು.

"ಬೆಕ್ಕಿಗೆ ಆಗದ್ದು ನಿಮಗೆ ಮಾತ್ರ ಆಗುತ್ತದೆ ಅಂದುಕೊಂಡಿರಾ?"

ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಏನು ಮಾಡಬೇಕೆಂದು ಗೋಮತಿ ಬಿಡಿಸಿ ಹೇಳಿದಳು. ನೀರು ಬೆರೆಸಿದ ವಿನೆಗರ್‌ನಿಂದ ತೊಳೆದು ಒಣಗಿಸುವುದು. ಅದರ ಮೇಲೆ ಅಡುಗೆ ಸೋಡಾ ಉದುರಿಸಿ ಗುಡಿಸುವುದು. ಕೊನೆಗೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಉಚ್ಚೆಯನ್ನೇ ಕರಗಿಸಿ ತಿನ್ನುವ ಎನ್‌ಜೈಮ್ ದ್ರವ ಸುರಿದು ರಾತ್ರಿಯೆಲ್ಲ ಬಿಡುವುದು. ಉಚ್ಚೆಗೆ ಜಗಲಿಯಲ್ಲಿ ಒಂದು ಮರಳಿನ ತಟ್ಟೆ ಇಡುವುದು.

ತೇನಿಯ ಅಂಗಡಿಯವನು ನಿಂಬೆ ವಾಸನೆಯದು, ಗುಲಾಬಿ ಬಣ್ಣದ್ದು ಅಂತ ಸಾಲಾಗಿ ಬಾಟಲಿ ಇಟ್ಟ. ಪಾಪಮ್ಮಾಳ್ ಒಂದೊಂದಕ್ಕೂ ಕೇಳಿದ್ದು ಒಂದೇ ಮಾತು: ಇದನ್ನು ನೆಕ್ಕಿದರೆ ಏನಾಗುತ್ತದೆ?

"ನೆಲ ಯಾರಮ್ಮ ನೆಕ್ಕುತ್ತಾರೆ?" ಅಂದ ಅವನು.

"ನಮ್ಮ ಮ್ಯಾನೇಜರ್," ಅಂದಳು. ಡಾಕ್ಟರ್ ಬರೆದುಕೊಟ್ಟ ಚೀಟಿ ತೋರಿಸಿ, ವಾಸನೆಯೇ ಇಲ್ಲದ ಒಂದು ಬಾಟಲಿ ಕೊಂಡಳು. ವಾಸನೆ ಇಲ್ಲದ್ದು ಏನು ತೊಳೆದೀತು ಅಂತ ಅವಳಿಗೇ ಅನುಮಾನವಿತ್ತು.

ಮನೆಗೆ ಬಂದವಳೇ ತಮ್ಮನಿಗೆ ಹೇಳಿದಳು, "ಇನ್ಮ್ಯಾಕೆ ಆ ಕೋಣೆಗೆ ಗಂಜಲ ಬ್ಯಾಡ ಕಣೋ."

"ಸುಕ್ರವಾರದ ಗಂಟ ಬ್ಯಾಡ, ಸರಿ. ಅವತ್ತು ಕರುಪ್ಪಯ್ಯ ದೊಡ್ಡಪ್ಪ ಪೆಟ್ಗೆ ಸಂಗಾಟ ಚೊಂಬಲ್ಲಿ ಗಂಜಲ ತತ್ತಾನಲ್ಲ, ಅದ ಏನು ಮಾಡ್ಲಿ? ಗಂಜಲ ಬ್ಯಾಡಾಂದ್ರೆ ಕುಲದೋರು ಏನಂದಾರು?"

ಶುಕ್ರವಾರ ಮತ್ತೆ ಚಿಮುಕಿಸಿದರೆ ಶನಿವಾರ ಮತ್ತೆ ಅದೇ ಮೂಲೆ, ಭಾನುವಾರ ಸಂತೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅನ್ನಿಸಿದರೂ ಅವಳು ಡಾಕ್ಟರ್ ಹೇಳಿದ್ದೊಂದನ್ನೂ ಬಿಡದೆ ಮಾಡಿದಳು. ಚಾಪೆ ಎಸೆದಳು. ಮಂಡಿ ಊರಿ ಕೂತು ನೆಲದ ಬಿರುಕುಗಳಿಗೂ ದ್ರವ ಇಳಿಸಿದಳು.

ಬುಧವಾರ, ಚೇತರಿಸಿಕೊಂಡಿದ್ದ ಮ್ಯಾನೇಜರ್ ಆ ಕೋಣೆಗೆ ಬಂತು. ಮೂಲೆ ಮೂಸಿತು. ಇನ್ನೊಂದು ಸಲ ಮೂಸಿತು. ಏನೂ ಸಿಗದೆ ಹೊರಗೆ ಮರಳಿನ ತಟ್ಟೆಗೆ ಹೋಯಿತು. ಪಾಪಮ್ಮಾಳ್‌ಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಅವತ್ತು ಸಂಜೆ ಅವಳು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತಿದ್ದಾಗ ಪೆರಿಯಣ್ಣನ್ ಎದುರಿಗೆ ಬಂದ.

"ಇದೇನಕ್ಕಾ, ಕೈ ಇಂಗಾಗೈತೆ?"

"ಪಿನಾಯಿಲು ಕಣೋ. ಇಪ್ಪತ್ತೆಲ್ಡು ವರ್ಸದ್ದು."

ಅವನು ಎಣ್ಣೆಯ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿಟ್ಟು ತೋಟದ ಕಡೆ ಹೋದ.

ಶುಕ್ರವಾರ ಬೆಳಿಗ್ಗೆ ಕುಲದ ಹಿರಿಯ ಕರುಪ್ಪಯ್ಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಂದ. ಹಿಂದೆ ಹತ್ತಿಪ್ಪತ್ತು ಜನ ನೆಂಟರು. ಬಾಗಿಲಲ್ಲಿ ಗಂಜಲದ ಚೊಂಬನ್ನು ಪೆರಿಯಣ್ಣನ್ ಕೈಗೆ ಕೊಟ್ಟರು. ಅಡುಗೆಮನೆ ಬಾಗಿಲಲ್ಲಿ ನಿಂತ ಪಾಪಮ್ಮಾಳ್ ಕಾಲಬಳಿಯ ಬೆಕ್ಕನ್ನು ಎತ್ತಿಕೊಂಡಳು.

ಪೆರಿಯಣ್ಣನ್ ಮಾವಿನ ಸೊಪ್ಪು ಅದ್ದಿ ಹೊಸ್ತಿಲ ಹೊರಗಡೆಗೆ ಚಿಮುಕಿಸಿದ. ತನ್ನ ತಲೆಗೂ ಚಿಮುಕಿಸಿಕೊಂಡ. ಆಮೇಲೆ ಚೊಂಬನ್ನು ಅಲ್ಲೇ ಹೊರಗೆ ಕೆಳಗಿಟ್ಟ.

"ಒಳೀಕೆ?" ಅಂದ ಕರುಪ್ಪಯ್ಯ.

"ಒಳೀಕೆ ಬ್ಯಾಡ ದೊಡ್ಡಪ್ಪ. ನಮ್ಮಕ್ಕ ತೊಳ್ದವ್ಳೆ."

"ನಿಮ್ಮಕ್ಕ ಆಪೀಸು ಕೆಲ್ಸದೋಳಲ್ವಾ?"

"ಅಲ್ಲ. ನಾನೇ ಸುಳ್ಳು ಏಳ್ತಿದ್ದೆ." ಅವನ ದನಿ ಗಟ್ಟಿಯಾಗಿಯೇ ಇತ್ತು. "ಇಪ್ಪತ್ತೆಲ್ಡು ವರ್ಸ ಊರೋರ ಕೋಣೆ ತೊಳ್ದ ಕೈ ಅದು. ಆ ಕೈ ತೊಳ್ದ ಮ್ಯಾಕೆ ಇನ್ನೊಂದು ಸುದ್ದ ಬ್ಯಾಡ."

ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಕರುಪ್ಪಯ್ಯ ಒಳಗೆ ಹೋಗಿ ಮೂಲೆಯಲ್ಲಿ ನಿಂತು ಉಸಿರೆಳೆದುಕೊಂಡ, ಪೆಟ್ಟಿಗೆ ಇಳಿಸಿ, ಸರಿ ಅಂತ ತಲೆಯಾಡಿಸಿದ.

ಪಾಪಮ್ಮಾಳ್ ಬೆಕ್ಕನ್ನು ಕೆಳಗೆ ಬಿಟ್ಟಳು. ಈ ಸಲ ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಳ್ಳದೆ, ಅಷ್ಟೂ ಜನರ ಎದುರಿಗೆ ಪೆಟ್ಟಿಗೆಗೆ ಕೈ ಮುಗಿದಳು.