ಚಂದ್ರಲೇಖಾ ಅಳೆದ ಹಿನ್ನೀರು

ಹೊಸೂರು ಬಳಿಯ ಸಾನಮಾವು ಕಾಡಂಚಿನ ಹಳ್ಳಿಯ ಚಂದ್ರಲೇಖಾ ಮೀನುಗಾರಿಕೆ ಓದುತ್ತೇನೆಂದಾಗ, ಟೊಮೆಟೊ ಕೀಳುತ್ತಿದ್ದ ಅಪ್ಪ ವೆಂಕಟರಮಣಪ್ಪ ಸೊಂಟ ನೆಟ್ಟಗೆ ಮಾಡಿ ನಿಂತ.

"ಆನೆ ಓಡ್ಸೋ ಊರಾಗೆ ಹುಟ್ಟಿ ಸಮುದ್ರಕ್ಕೆ ಹೋಗ್ತೀಯೇನಮ್ಮಿ? ಈಜಾದ್ರೂ ಬತ್ತದಾ?"

"ಕಲ್ತ್ಕತೀನಿ ಬುಡಪ್ಪ."

ತೂತುಕುಡಿಯಲ್ಲಿ ಓದಿದಳು, ಈಜೂ ಕಲಿತಳು. ಆ ಕಡಲಂಚಿನಲ್ಲಿ ಕಪ್ಪೆಚಿಪ್ಪು ಎಷ್ಟಿದೆ, ಎಷ್ಟು ಆಯ್ದರೆ ಸಂತತಿ ಉಳಿಯುತ್ತದೆ ಎಂದು ಅಂದಾಜು ಮಾಡುವುದು ಈಗ ಅವಳ ಕೆಲಸ. ನೀರಿಳಿದಾಗ ಕೆಸರಿನ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು, ಅದರೊಳಗಿನದನ್ನೆಲ್ಲ ಬಗೆದು, ಜರಡಿ ಹಿಡಿದು, ಸಿಕ್ಕ ಚಿಪ್ಪುಗಳನ್ನು ಅಳೆಯಬೇಕು.

ಹೋದ ವರ್ಷ ಒಂದು ಹಿನ್ನೀರಿನ ದಕ್ಷಿಣ ದಂಡೆಯಲ್ಲಿ ಜರಡಿ ತುಂಬ ಚಿಪ್ಪು ಬಂತು. ಜೊತೆಯವರು ಹಿಗ್ಗಿದರು. ಅವಳಿಗೆ ಸಮಾಧಾನವಾಗಲಿಲ್ಲ. ಎಲ್ಲವೂ ಉಗುರಿನಷ್ಟೇ, ಮರಿ ಮಾಡುವಷ್ಟು ಬೆಳೆದದ್ದು ಒಂದೂ ಇಲ್ಲ. ಆ ದಂಡೆಗೆ ಒಂದು ಹಂಗಾಮು ಬಿಡುವು ಬೇಕಿತ್ತು. ವರದಿ ಕಳಿಸಿ ಸುಮ್ಮನಿರಬಹುದಿತ್ತು. ಆದರೆ ಅಲ್ಲಿ ಚಿಪ್ಪು ಆಯ್ದು ಬದುಕುವ ಹೆಂಗಸರಿಗೆ ತಾನೇ ಹೇಳಬೇಕೆಂದು ಹೋದಳು.

ಅವರ ಮುಂದಾಳು ಇಸಕ್ಕಿಯಮ್ಮ ತಮಿಳಿನಲ್ಲಿ ಗದರಿದಳು. "ಎಲ್ಲಿಂದಲೋ ಬಂದವಳು ನೀನು. ನಮ್ಮ ಒಲೆ ಆರಿಸಬೇಕೆಂದಿದ್ದೀಯಾ?"

ಚಂದ್ರಲೇಖಾ ಚೌಕಟ್ಟನ್ನು ಅವಳ ಕೈಗೇ ಕೊಟ್ಟಳು. "ನಿಮಗೆ ಬೇಕಾದ ಕಡೆ ಇಟ್ಟು ನೋಡಿ ಅಕ್ಕಾ."

ಇಸಕ್ಕಿಯಮ್ಮ ಆ ದಂಡೆಯಲ್ಲೇ ತನ್ನ ತಾಯಿ ಆಯುತ್ತಿದ್ದ ಜಾಗ ಆರಿಸಿದಳು. ಹೆಂಗಸರೆಲ್ಲ ಸೇರಿ ಜರಡಿ ಹಿಡಿದರು. ಅಲ್ಲೂ ಅದೇ ಸಣ್ಣವು. ಅಷ್ಟಾಗಿ ಯಾರೂ ಆಯದ ಉತ್ತರ ದಂಡೆಗೆ ಹೋಗಿ ಬಗೆದರೆ ದೊಡ್ಡವು ಸಿಕ್ಕವು. ಇಸಕ್ಕಿಯಮ್ಮ ಎರಡೂ ದಂಡೆಯ ಚಿಪ್ಪನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಆ ಹಂಗಾಮು ದಕ್ಷಿಣ ದಂಡೆಗೆ ಯಾರೂ ಇಳಿಯಬಾರದೆಂದು ಅವಳೇ ಎಲ್ಲರಿಗೂ ಹೇಳಿದಳು.

ಈ ವರ್ಷ ಅದೇ ದಂಡೆಯನ್ನು ಮತ್ತೆ ಅಳೆಯುವಾಗ ವೆಂಕಟರಮಣಪ್ಪ ಮಗಳನ್ನು ನೋಡಲು ಹೊಸೂರಿನಿಂದ ಹೋಗಿದ್ದ. ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಅವಳು ಕೂಗಿ ಹೇಳುತ್ತಿದ್ದುದನ್ನು ಅಷ್ಟೂ ಹೆಂಗಸರು ಕೇಳಿ ಮಾಡುತ್ತಿದ್ದರು. ಜರಡಿ ಮೇಲೆ ಬಂದಾಗ ಸಣ್ಣವುಗಳ ನಡುವೆ ದಪ್ಪ ದಪ್ಪ ಚಿಪ್ಪುಗಳಿದ್ದವು. ಇಸಕ್ಕಿಯಮ್ಮ ಒಂದನ್ನು ತಂದು ಅವನ ಕೈಗಿಟ್ಟಳು.

"ನಿಮ್ಮ ಮಗಳ ಮಾತು ಕೇಳಿದ್ದಕ್ಕೆ ಇದು ಉಳಿಯಿತು ಅಯ್ಯಾ."

ವೆಂಕಟರಮಣಪ್ಪನಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಚಿಪ್ಪನ್ನು ತಿರುಗಿಸಿ ನೋಡಿ ಮಗಳ ಕೈಗೆ ಕೊಟ್ಟ.

ಊರಿಗೆ ಬಂದ ಮೇಲೆ ಭಾವಮೈದುನ ಕೆಂಪರಾಜು ಕೇಳಿದ, "ಹುಡ್ಗಿ ಅಲ್ಲಿ ಏನ್ ಕೆಲ್ಸ ಮಾಡ್ತಾಳೆ ಭಾವ?"

"ನೀರೊಳಗೆ ಏನೈತೆ ಏನಿಲ್ಲ ಅಂತ ನೋಡಿ ಹೇಳ್ತಾಳೆ," ಎಂದ ವೆಂಕಟರಮಣಪ್ಪ. "ಅವ್ಳು ಹೇಳಿದ್ಮೇಲೇನೇ ಅಲ್ಲಿ ಜನ ಸಮುದ್ರಕ್ಕೆ ಇಳಿಯೋದು ಕಣ್ಲಾ."