ಸಮತಟ್ಟು ದೇಶದಲ್ಲೊಂದು ಘಾಟಿ

ಕಳೆದ ಶುಕ್ರವಾರ ನಮ್ಮ ಊರಿನ ಸೈಕಲ್ ಸೇತುವೆಯ ಮೇಲೆ ಜಾರಿ ಬಿದ್ದವರೆಲ್ಲರೂ ಬೆಳಗಿನ ಪಾಳಿಗೆ ಹೊರಟವರು. ಕಚೇರಿಗಳನ್ನು ಶುಚಿ ಮಾಡುವವರು, ಆಸ್ಪತ್ರೆಯ ಅಡುಗೆಮನೆಯವರು, ಮತ್ತು ನಮ್ಮ ರೇಷ್ಮಾ. ಮಣಿಕಟ್ಟು ಊದಿದ್ದು ಅವರದು, ಮೊಣಕಾಲು ತರಚಿದ್ದು ಅವರದು, ತಡವಾಗಿ ಬಂದದ್ದಕ್ಕೆ ವಿವರಣೆ ಕೊಡಬೇಕಾದವರೂ ಅವರೇ. ಅದೇ ಹೊತ್ತಿಗೆ ಸೇತುವೆಯ ಕೆಳಗಿನ ಹೆದ್ದಾರಿಯಲ್ಲಿ, ಉಪ್ಪು ಹಾಕಿ ಮಂಜುಗಡ್ಡೆ ಕರಗಿಸಿದ ಕಪ್ಪು ರಸ್ತೆಯ ಮೇಲೆ, ಕಾರುಗಳು ಎಂದಿನ ವೇಗದಲ್ಲೇ ಓಡುತ್ತಿದ್ದವು.

ಇಷ್ಟು ಹೇಳಿದ ಮೇಲೆ ಇದು ಸಂತೋಷದ ಬರಹ ಎಂದರೆ ನಂಬುವುದು ಕಷ್ಟ. ಆದರೂ ನಂಬಿ.

ಮೊದಲು ಸೇತುವೆಯ ವಿಚಾರ. ನೆದರ್‌ಲೆಂಡ್ಸ್‌ನಲ್ಲಿ ಬೆಟ್ಟಗಳಿಲ್ಲ. (ದಕ್ಷಿಣದ ತುದಿಯಲ್ಲಿ ಕೆಲವು ಇವೆಯೆಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ನಂದಿಬೆಟ್ಟ ನೋಡುತ್ತಾ ಬೆಳೆದ ನಾನು ಸೌಜನ್ಯಕ್ಕಾಗಿ ತಲೆಯಾಡಿಸುತ್ತೇನೆ.) ಹೇಗ್ ನಗರದ ಪಕ್ಕದ ನಮ್ಮ ಊರಂತೂ ದೋಸೆಕಲ್ಲಿನಷ್ಟು ಚಪ್ಪಟೆ. ಊರಿನಲ್ಲಿರುವ ಒಂದೇ ಒಂದು ಏರು ಎಂದರೆ ಹೆದ್ದಾರಿಯನ್ನು ದಾಟಿಸುವ ಈ ಸೇತುವೆ. ನೇರವಾಗಿ ಏರಿಸಲು ಜಾಗವಿಲ್ಲದ್ದರಿಂದ ದಾರಿಯನ್ನು ಮಡಿಸಿ ಮಡಿಸಿ ಮೇಲಕ್ಕೊಯ್ದಿದ್ದಾರೆ. ಎಡಕ್ಕೆ ಒಂದು ಹೇರ್‌ಪಿನ್, ಬಲಕ್ಕೆ ಇನ್ನೊಂದು, ಆಮೇಲೆ ನೆತ್ತಿಯ ಮೇಲೆ ಸಮುದ್ರದ ಕಡೆಯಿಂದ ಬರುವ ಗಾಳಿ.

ನಾನೂ ಧಾರವಾಡದ ಭಾರತಿಯೂ ಶನಿವಾರಗಳಂದು ಹೆಂಗಸರಿಗೆ ಸೈಕಲ್ ಕಲಿಸುತ್ತೇವೆ. ನಮ್ಮ ತರಗತಿಯಲ್ಲಿ ಆ ಸೇತುವೆಯ ಹೆಸರು ‘ಘಾಟಿ’. ಮೈದಾನದಲ್ಲಿ ಕಲಿತವರು ಘಾಟಿ ಹತ್ತಿ ಇಳಿದ ದಿನ ಪಾಸು. ತುಮಕೂರಿನ ರೇಷ್ಮಾ ನಲವತ್ತರ ಹತ್ತಿರ ಬಂದ ಮೇಲೆ ಮೊದಲ ಸಲ ಪೆಡಲಿನ ಮೇಲೆ ಕಾಲಿಟ್ಟವಳು. ಘಾಟಿ ಇಳಿದ ದಿನ ಬ್ರೇಕ್ ಹಿಡಿಯುವುದನ್ನು ಮರೆತು, ಇಡೀ ಇಳಿಜಾರಿನಲ್ಲಿ “ಹಟೋ ಹಟೋ” ಎಂದು ಕೂಗಿಕೊಂಡೇ ಬಂದಳು. ದಾರಿ ಬಿಟ್ಟ ಡಚ್ಚರಿಗೆ ಭಾಷೆ ತಿಳಿಯಲಿಲ್ಲ. ಅರ್ಥ ಮಾತ್ರ ಚೆನ್ನಾಗಿ ತಿಳಿಯಿತು.

ಆ ಸೈಕಲ್ಲಿನಿಂದಾಗಿಯೇ ಅವಳಿಗೆ ಕೆಲಸ ಸಿಕ್ಕಿತು. ಹೆದ್ದಾರಿಯಾಚೆಯ ಶಿಶುವಿಹಾರವೊಂದರಲ್ಲಿ, ಬಾಗಿಲು ತೆರೆಯುವ ಪಾಳಿ. ತಂದೆ ತಾಯಂದಿರು ಮಕ್ಕಳನ್ನು ಕರೆತರುವ ಮುನ್ನ ಇಬ್ಬರು ಅಲ್ಲಿರಲೇಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಸುತ್ತಿ ಹೋಗುವ ದಾರಿ ಬಹಳ ದೂರ. ಘಾಟಿಯೊಂದೇ ಗತಿ. ಅವಳಿನ್ನೂ ಪರೀಕ್ಷಾರ್ಥ ಅವಧಿಯಲ್ಲಿದ್ದಾಳೆ.

ಗುರುವಾರ ಬಿದ್ದ ಹಿಮ ಸಂಜೆಗೆ ಅರ್ಧ ಕರಗಿತು. ರಾತ್ರಿ ಮತ್ತೆ ಹೆಪ್ಪುಗಟ್ಟಿತು. ಸೇತುವೆಗೆ ಮೇಲಿನಿಂದಲೂ ಚಳಿ, ಕೆಳಗಿನಿಂದಲೂ ಚಳಿ. ನೆಲದ ದಾರಿಗಿಂತ ಮೊದಲು ಮಂಜುಗಡ್ಡೆಯಾಗುವುದು ಅದೇ. ಶುಕ್ರವಾರ ರೇಷ್ಮಾ ಎರಡನೆಯ ತಿರುವಿನಲ್ಲಿ ಬಿದ್ದಳು. ಅವಳ ಊಟದ ಡಬ್ಬಿ ತಾನೇ ಎರಡೂ ತಿರುವುಗಳನ್ನು ಅಂದವಾಗಿ ಸುತ್ತಿ ಕೆಳಗೆ ಹೋಗಿ ನಿಂತಿತಂತೆ.

“ಅಕ್ಕಾ, ಆ ಡಬ್ಬಿಗೆ ನೀವು ಸರ್ಟಿಫಿಕೇಟ್ ಕೊಡ್ಬೇಕು. ನನಗಿಂತ ಚೆನ್ನಾಗಿ ಇಳೀತು” ಎಂದಳು ಫೋನಿನಲ್ಲಿ.

ನಕ್ಕಳು. ಆಮೇಲೆ ದನಿ ತಗ್ಗಿತು. ಕೆಲಸಕ್ಕೆ ತಡವಾಗಿ ತಲುಪಿದಾಗ ಮೇಲ್ವಿಚಾರಕಿ ಮೊದಲು ಗಾಯ ಒರೆಸಿದರಂತೆ, ಚಹಾ ಕೊಟ್ಟರಂತೆ. ಆನಂತರ, ಇನ್ನೊಮ್ಮೆ ಹೀಗಾದರೆ ಕುಳಿತು ಮಾತಾಡೋಣ ಎಂದರಂತೆ. ಕುಳಿತು ಮಾತಾಡುವುದೆಂದರೆ ಕೆಲಸ ಹೋಗುವ ಮಾತೆಂದು ಈ ದೇಶದಲ್ಲಿ ದುಡಿದವರಿಗೆಲ್ಲ ಗೊತ್ತು.

“ಇಮ್ರಾನ್ ಕಾರಲ್ಲಿ ಬಿಡೋಲ್ವಾ?” ಎಂದು ಕೇಳಿದೆ. ಇಮ್ರಾನ್ ಅವಳ ಗಂಡ.

“ನಕ್ಕೋ ಅಕ್ಕಾ, ಬೇಡ. ಅವ್ರು ಬಿಟ್ರೆ ಅವ್ರ ಆಫೀಸ್ ಲೇಟು. ಎರಡು ದಿನ ಬಿಡ್ತಾರೆ, ಮೂರನೇ ದಿನ ‘ಯಾಕಿಷ್ಟು ಕಷ್ಟ ರೇಷ್ಮಾ, ಮನೇಲೇ ಇರು’ ಅಂತಾರೆ. ಬೈಯ್ಯಲ್ಲ. ಪ್ರೀತಿಯಿಂದಾನೇ ಕೆಲಸ ಬಿಡಿಸಿಬಿಡ್ತಾರೆ.”

ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಒಮ್ಮೆಯೂ ಹೇಳಲಾಗಿಲ್ಲ.

ಕೂಡಲೇ ಖಮೇಂಟೆಗೆ ಫೋನ್ ಮಾಡಿದೆ. (ಖಮೇಂಟೆ ಎಂದರೆ ಇಲ್ಲಿನ ನಗರಸಭೆ. ಮೊದಲಕ್ಷರವನ್ನು ಗಂಟಲು ಕೆರೆದುಕೊಂಡೇ ಹೇಳಬೇಕು. ದೂರು ಕೊಡುವಾಗ ಇದು ಅನುಕೂಲ.) ನ್ಯಾಯವಾದದ್ದನ್ನು ಹೇಳಿಬಿಡುತ್ತೇನೆ: ಮುಖ್ಯ ಸೈಕಲ್ ದಾರಿಗಳಿಗೆ ಇಲ್ಲಿ ನಸುಕಿನಲ್ಲೇ ಉಪ್ಪು ಬೀಳುತ್ತದೆ, ಅದನ್ನು ಕಂಡಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಹಾಗಾದರೆ ನಮ್ಮ ಸೇತುವೆಗೇಕೆ ಇಲ್ಲ?

ಫೋನಿನಲ್ಲಿದ್ದ ಯುವಕ ಬಹಳ ಸಭ್ಯ. ಸೇತುವೆಯ ಆಚೆ ಉದ್ಯಾನವಿದೆಯಲ್ಲವೇ, ಆದ್ದರಿಂದ ಅದು ‘ವಿಹಾರ ಮಾರ್ಗ’, ಆದ್ದರಿಂದ ಅದರ ಸರದಿ ಕೊನೆಗೆ, ಶುಭ ವಾರಾಂತ್ಯ ಎಂದ.

ವಿಹಾರವೇ? ಬೆಳಕು ಹರಿಯುವ ಮುನ್ನ, ಕೈಗವಸಿನೊಳಗೆ ಬೆರಳು ಮರಗಟ್ಟಿರುವಾಗ, ಬೆನ್ನಿಗೆ ಚೀಲ ಕಟ್ಟಿಕೊಂಡು ಈ ಏರನ್ನು ತುಳಿಯುವವರು ವಿಹಾರಕ್ಕೆ ಹೊರಟವರೇ? ಭಾನುವಾರ ಮಧ್ಯಾಹ್ನ ನಾಯಿ ಹಿಡಿದು ಅಲ್ಲಿಗೆ ಹೋಗುವವರು ಯಾರೋ ಆ ದಾರಿಗೆ ಹೆಸರಿಟ್ಟಿದ್ದಾರೆ. ಸೋಮವಾರದವರನ್ನು ಯಾರೂ ಕೇಳಿಲ್ಲ. ಒಂದು ಪದ ಒಂದು ದಾರಿಗೆ ಅಂಟಿಕೊಂಡರೆ ಸಾಕು, ಅಲ್ಲಿ ನಡೆಯುವ ದುಡಿಮೆಯೆಲ್ಲ ಕಣ್ಮರೆಯಾಗುತ್ತದೆ.

ಶನಿವಾರ ತರಗತಿಯವರೆಲ್ಲ ಘಾಟಿಯ ಬುಡದಲ್ಲಿ ಸೇರಿದಾಗ ಇದನ್ನೇ ಹೇಳತೊಡಗಿದೆ.

“ಶುರುವಾತು ನೋಡ್ರಿ” ಎಂದಳು ಭಾರತಿ. “ಮೇಡಂ, ನಿಮ್ಮ ಭಾಷಣದ ಬಿಸಿಗೆ ಬರ್ಫ ಕರಗೂದಿದ್ರ ಹೇಳ್ರಿ, ನಾ ಕುರ್ಚಿ ತರ್ತೀನಿ. ಇಲ್ಲಾಂದ್ರ ಬ್ಯಾರೆ ಏನರ ಮಾಡೂಣು.”

ಉಪ್ಪನ್ನು ನಾವೇ ಹಾಕೋಣವೆಂದರೆ ಊರಿನ ಅಂಗಡಿಗಳಲ್ಲೆಲ್ಲ ಉಪ್ಪಿನ ಕಪಾಟು ಖಾಲಿ. ಜನ ತಮ್ಮ ಮನೆಯಂಗಳಕ್ಕೆ ಕೊಂಡೊಯ್ದಿದ್ದರು. ಮರಳು? ಸಮುದ್ರತೀರದಿಂದ ಸೈಕಲ್ಲಿನಲ್ಲಿ ಹೇಗೆ ತರುವುದು? ರೇಷ್ಮಾ ಊದಿದ ಕೈಯನ್ನು ಎದೆಗೊತ್ತಿಕೊಂಡು ಏರನ್ನೇ ನೋಡುತ್ತಿದ್ದಳು.

“ರಂಗೋಲಿ” ಎಂದಳು ಭಾರತಿ.

ಯಾರಿಗೂ ಅರ್ಥವಾಗಲಿಲ್ಲ.

“ಸಂಕ್ರಾಂತಿ ರಂಗೋಲಿ ಸ್ಪರ್ಧೆದ್ದು ನಮ್ಮ ಮನ್ಯಾಗ ಚೀಲಗಟ್ಟಲೆ ಉಳದೈತ್ರಿ. ಅದೂ ಕಲ್ಲಿನ ಪುಡೀನ ಅಲ್ಲೇನು? ಬೆರಳಾಗ ಹಿಡದ್ರ ತರಿತರಿ ಹತ್ತತೈತಿ. ಟೈರಿಗೂ ಹತ್ತತೈತಿ ಬಿಡ್ರಿ.”

ನಾನು ಆಕ್ಷೇಪಿಸಿದೆ. (ಆಕ್ಷೇಪಿಸದೆ ಇರುವುದು ನನಗೆ ಕಷ್ಟ.) ಬಣ್ಣದ ಪುಡಿಯಲ್ಲಿ ಯಾವ ರಾಸಾಯನಿಕವಿದೆಯೋ ಬಲ್ಲವರಾರು? ಹಿಮ ಕರಗಿದರೆ ಅದು ಕಾಲುವೆಗೆ ಸೇರುವುದಿಲ್ಲವೇ? ಬಾತುಕೋಳಿಗಳ ಗತಿಯೇನು?

“ಅಕ್ಕಾ, ಬಾತುಕೋಳಿ ಪಿಂಕ್ ಆದ್ರೆ ಇನ್‌ಸ್ಟಾಗ್ರಾಮಲ್ಲಿ ಫೇಮಸ್ ಆಗುತ್ತೆ” ಎಂದಳು ರೇಷ್ಮಾ. ಅಂದಿನ ಅವಳ ಮೊದಲ ತಮಾಷೆ ಅದು. ಆದರೂ ನಾನು ಬಗ್ಗಲಿಲ್ಲ. ಬಿಳಿ ಪುಡಿ ಮತ್ತು ಕೆಮ್ಮಣ್ಣು ಮಾತ್ರ ಎಂದು ತೀರ್ಮಾನವಾಯಿತು. ಎರಡೂ ನೆಲದಿಂದ ಬಂದವು, ನೆಲಕ್ಕೇ ಹೋಗುತ್ತವೆ.

ಭಾನುವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ನಾವೆಲ್ಲ ಘಾಟಿಯ ಮೇಲಿದ್ದೆವು. ಬಿಳಿಯ ಮಂಜುಗಡ್ಡೆಯ ಮೇಲೆ ಬಿಳಿ ರಂಗೋಲಿ ಹಾಕಿದರೆ ಎಲ್ಲಿ ಹಾಕಿದೆ, ಎಲ್ಲಿ ಬಿಟ್ಟೆ ಎಂಬುದೇ ತಿಳಿಯದು. ಆದ್ದರಿಂದ ಮೊದಲು ಬಿಳಿಪುಡಿ ಎರಚಿ, ಗುರುತಿಗಾಗಿ ಅಂಚಿನುದ್ದಕ್ಕೂ ಕೆಮ್ಮಣ್ಣಿನ ಗೆರೆ ಎಳೆದೆವು. ಹೆಂಗಸರ ಕೈ ಸುಮ್ಮನಿರುತ್ತದೆಯೇ? ಗೆರೆ ಬಳ್ಳಿಯಾಯಿತು, ಬಳ್ಳಿಗೆ ಎಲೆ ಮೂಡಿತು, ಎರಡನೆಯ ತಿರುವಿನಲ್ಲಿ ರೇಷ್ಮಾ ಬಿದ್ದ ಜಾಗದಲ್ಲಿ ಅವಳ ಊಟದ ಡಬ್ಬಿಯ ಚಿತ್ರವೂ ಬಂತು. ನೆತ್ತಿಯ ಮೇಲೆ ನಾನು ಒಪ್ಪಿಗೆ ಕೊಡದಿದ್ದ ಹಸಿರು, ಹಳದಿ ಎರಡೂ ಕಾಣಿಸಿಕೊಂಡವು. ಭಾರತಿ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಆಕಾಶ ನೋಡುತ್ತಿದ್ದಳು.

ನಮ್ಮೂರಿನಲ್ಲಿ ಬೇಲಿಯಾಚೆಯಿಂದ ತಲೆಯಾಡಿಸುವುದೇ ನೆರೆಹೊರೆಯ ಬಾಂಧವ್ಯ. ಅಂದು ಮಾತ್ರ ನಾಯಿ ಹಿಡಿದು ಬಂದವರು ನಿಂತರು. ಇದೇನೆಂದು ಕೇಳಿದರು. ವಯಸ್ಸಾದ ಹೆಂಗಸೊಬ್ಬರು ನಾಯಿಯ ಹಗ್ಗವನ್ನು ನನ್ನ ಕೈಗಿತ್ತು, ಕೆಮ್ಮಣ್ಣಿನ ಪೊಟ್ಟಣವನ್ನು ತಾವು ತೆಗೆದುಕೊಂಡರು. ಅವರ ಗೆರೆ ಬಹಳ ಡೊಂಕು. ಭಾರತಿ ಅದನ್ನು ತಿದ್ದದೆ ಬಿಟ್ಟಳು. ಅವಳ ಮಟ್ಟಿಗೆ ಇದು ದೊಡ್ಡ ತ್ಯಾಗ.

ಸೋಮವಾರ ನಸುಕಿನಲ್ಲಿ ಚಳಿ ಕಿವಿ ಕಚ್ಚುತ್ತಿತ್ತು. ನಾನೂ ಭಾರತಿಯೂ ಬುಡದಲ್ಲಿ ನಿಂತಿದ್ದೆವು. ರೇಷ್ಮಾ ಬಂದಳು. ಮಣಿಕಟ್ಟಿಗೆ ಪಟ್ಟಿ, ತಲೆಗೆ ಉಣ್ಣೆಯ ಟೊಪ್ಪಿ.

“ಇಳಿದು ತಳ್ಳಿಕೊಂಡು ಹೋಗ್ಲಾ ಅಕ್ಕಾ?”

“ನಿನ್ನಿಷ್ಟ. ನಡೆದರೂ ಹೊತ್ತಿಗೆ ತಲುಪ್ತೀಯ.”

ಅವಳು ಏರನ್ನೊಮ್ಮೆ ನೋಡಿದಳು. ಸೀಟಿನ ಮೇಲೆ ಕುಳಿತಳು. ಮೊದಲ ತಿರುವಿನಲ್ಲಿ ಟೈರಿನಡಿಯಿಂದ ಬಂದ ಸದ್ದು ನನಗೆ ಇನ್ನೂ ಕೇಳಿಸುತ್ತಿದೆ: ಜಾರುವ ಮೌನವಲ್ಲ, ಹುರಿಗಡಲೆ ಅಗಿದಂಥ ಕರಕರ. ಎರಡನೆಯ ತಿರುವಿನಲ್ಲಿ ಹಿಂದಿನ ಚಕ್ರ ಒಮ್ಮೆ ಅಲುಗಿತು. ಭಾರತಿ ನನ್ನ ತೋಳನ್ನು ಹಿಡಿದಳು. ಚಕ್ರ ಕಚ್ಚಿಕೊಂಡಿತು. ರೇಷ್ಮಾಳ ಹಿಂದೆ ಆಸ್ಪತ್ರೆಯ ಅಡುಗೆಯವರು, ಅವರ ಹಿಂದೆ ಶುಚಿ ಮಾಡುವವರು, ಒಬ್ಬರ ದೀಪದ ಹಿಂದೆ ಒಬ್ಬರ ದೀಪ, ಎಲ್ಲರೂ ಕೆಂಪು ಬಳ್ಳಿಯ ಗುರುತು ಹಿಡಿದು ಸುತ್ತಿ ಸುತ್ತಿ ಏರಿದರು. ಈ ದೇಶದಲ್ಲಿ ಇಷ್ಟು ವರ್ಷವಿದ್ದೂ ನಾನು ಇದಕ್ಕಿಂತ ಚೆಂದದ ಬೆಟ್ಟದ ದಾರಿಯನ್ನು ಕಂಡಿಲ್ಲ.

ನೆತ್ತಿಯಿಂದ ರೇಷ್ಮಾಳ ದನಿ ಬಂತು. “ಭಾರತಿ ಅಕ್ಕಾ, ಹಳದಿ ಹಾಕಿದ್ದೀರಾ. ಅಕ್ಕನಿಗೆ ಹೇಳ್ಲಾ?”

ಸ್ವಲ್ಪ ಹೊತ್ತಿನಲ್ಲೇ ಮೊಬೈಲಿಗೆ ಅವಳ ಸಂದೇಶ ಬಂತು. ಬಾಗಿಲು ತೆರೆದದ್ದು ಅವಳೇ, ಎಲ್ಲರಿಗಿಂತ ಮೊದಲು ತಲುಪಿದ್ದಳು.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಖಮೇಂಟೆ ಮುಗಿಸಗೊಡಲಿಲ್ಲ.

ಸಾರ್ವಜನಿಕ ದಾರಿಯ ಮೇಲೆ ಬಣ್ಣ ಚೆಲ್ಲಲಾಗಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಮಂಜುಗಡ್ಡೆಯ ದೂರಿಗೆ ಮೂರು ದಿನ ಯಾರೂ ಬಂದಿರಲಿಲ್ಲ. ಬಣ್ಣದ ದೂರಿಗೆ ಮಧ್ಯಾಹ್ನದೊಳಗೆ ಗುಡಿಸುವ ಗಾಡಿ ಬಂತು. ಗಾಡಿಯ ಮುಂದೆ ಏನಿತ್ತು ಊಹಿಸಿ. ಉಪ್ಪು ಎರಚುವ ಇನ್ನೊಂದು ಪುಟ್ಟ ಗಾಡಿ.

ಅದು ಬುಡದಿಂದ ನೆತ್ತಿಯವರೆಗೆ, ಎರಡೂ ತಿರುವುಗಳಿಗೆ, ಒಂದಂಗುಲವೂ ಬಿಡದೆ ಉಪ್ಪು ಹಾಕಿತು. ಏಕೆಂದು ಕೇಳಿದೆ.

“ಇಲ್ಲದಿದ್ದರೆ ಹಿಂದಿನ ಗಾಡಿ ಜಾರುತ್ತದೆ, ಮೆವ್ರೌ” ಎಂದ ಚಾಲಕ. (ಹೆಂಗಸರನ್ನು ಗೌರವದಿಂದ ಕರೆಯುವುದು ಇಲ್ಲಿ ಹಾಗೆ.)

ಅವನೊಂದಿಗೆ ನನಗೆ ಜಗಳವಿಲ್ಲ. ಹೇಳಿದ ಕೆಲಸವನ್ನು ಅವನು ಮಾಡಿದ. ಗಾಡಿಯಿಂದಿಳಿದು ಬಳ್ಳಿಯನ್ನು ನೋಡಿ, ಇದನ್ನು ಸಾಮಾನ್ಯವಾಗಿ ಎಲ್ಲಿ ಹಾಕುತ್ತೀರಿ ಎಂದೂ ಕೇಳಿದ. ಮನೆಯ ಮುಂದೆ, ಒಳ್ಳೆಯವರು ಬರಲೆಂದು ಹಾಕುತ್ತೇವೆ ಎಂದೆ.

“ನಾವು ಬಂದೆವಲ್ಲ” ಎಂದ.

ಆ ಮಾತಿಗೆ ನಾನೂ ನಕ್ಕೆ. ಮನೆಗೆ ಬರುವವರೆಗೂ ನಗುತ್ತಲೇ ಇದ್ದೆ. ಅಂದು ಸಂಜೆ ರೇಷ್ಮಾ ಉಪ್ಪು ಹಾಕಿದ ಕಪ್ಪು ದಾರಿಯ ಮೇಲೆ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಪಟ್ಟಿ ಕಟ್ಟಿದ ಇನ್ನೊಂದು ಕೈಯನ್ನು ನಮಗೆ ಬೀಸುತ್ತಾ ಇಳಿದಳು. (ಇದು ನಿಯಮಬಾಹಿರ. ಅಂದು ಒಂದೇ ದಿನ ನಾನು ಏನೂ ಹೇಳಲಿಲ್ಲ.)

ಆದರೆ ನಗುವಿನಿಂದ ಲೆಕ್ಕ ಚುಕ್ತಾ ಆಗುವುದಿಲ್ಲ. ಉಪ್ಪು ಇತ್ತು. ಗಾಡಿಯೂ ಇತ್ತು, ಚಾಲಕನೂ ಇದ್ದ. ಆ ಏರು ಅಪಾಯಕಾರಿ ಎಂಬ ತಿಳುವಳಿಕೆಯೂ ಇತ್ತು. ಯಂತ್ರ ಏರುವಾಗ ಒದಗಿ ಬಂದ ಎಚ್ಚರ, ಮನುಷ್ಯರು ಏರುವಾಗ ಎಲ್ಲಿ ಹೋಗಿತ್ತು?

ಆದ್ದರಿಂದ ನಗರಸಭೆಯ ರಸ್ತೆ ವಿಭಾಗದವರೇ, ಈ ಚಳಿಗಾಲ ಮುಗಿಯುವುದರೊಳಗೆ ಆ ಸೇತುವೆಯನ್ನು ‘ವಿಹಾರ ಮಾರ್ಗ’ಗಳ ಪಟ್ಟಿಯಿಂದ ತೆಗೆದು, ಕೆಲಸಕ್ಕೆ ಹೋಗುವವರ ದಾರಿಯೆಂದು ಬರೆಯಿರಿ, ಮತ್ತು ಬೆಳಗಿನ ಮೊದಲ ಸೈಕಲ್ ಏರುವ ಮುನ್ನ ಅಲ್ಲಿಗೆ ಉಪ್ಪು ಹಾಕಿ.