ಹಿಂದಿನ ಸೀಟಿನ ಬ್ರೇಕು

ನನ್ನ ತಮ್ಮ ಬೈಕ್ ಓಡಿಸುವಾಗ ಹಿಂದೆ ಕುಳಿತ ನಾನು ಹೆದರಿ ಬಲಗಾಲು ಒತ್ತುತ್ತಿದ್ದೆ. ‘ಅಣ್ಣಾ, ಹಿಂದ ಎಲ್ಲಿ ಐತೋ ಬ್ರೇಕು?’ ಎಂದು ನಗುತ್ತಿದ್ದ. ಸಿರಿಗೇರಿ ಹತ್ತಿರ ಭತ್ತದ ಟ್ರ್ಯಾಕ್ಟರ್ ಅಡ್ಡ ಬಂದ ದಿನವೂ ಒತ್ತಿದೆ. ಅವನು ಉಳಿಯಲಿಲ್ಲ. ನನ್ನ ಮೂಳೆ ಮುರಿದಿರಲಿಲ್ಲ, ಆದರೂ ಆ ಕಾಲು ಸೆಟೆದುಕೊಂಡೇ ಇತ್ತು. ತಿಂಗಳ ಪೂಜೆಗೆ ಅವನ ಸಮಾಧಿ ಮುಂದೆ ಕೂಡಬೇಕಿತ್ತು, ಮಂಡಿ ಬಗ್ಗುತ್ತಿರಲಿಲ್ಲ.

ದೇಹದ ಮೂಲಕವೇ ಆಘಾತಕ್ಕೆ ಚಿಕಿತ್ಸೆ ಕೊಡುವ ಬಳ್ಳಾರಿಯ ಮೇಡಂ ನನ್ನ ಅಂಗಾಲನ್ನು ಗೋಡೆಗೆ ಇಡಿಸಿದರು. ‘ಅವತ್ತು ಒತ್ತಿದ್ದು ಅರ್ಧಕ್ಕ ನಿಂತೈತ್ರಿ. ಈಗ ನಿಧಾನಕ್ಕ ಪೂರ್ತಿ ಒತ್ರಿ.’

ಒತ್ತಿದೆ. ತೊಡೆ ಗಡಗಡ ನಡುಗಿತು. ಹೆದರಿ ಎರಡೂ ಕೈಯಿಂದ ಹಿಡಿದುಕೊಂಡೆ.

‘ಹಿಡೀಬ್ಯಾಡ್ರಿ, ನಡುಗಲಿ.’

ಕೈ ಬಿಟ್ಟೆ. ನಡುಕ ಎದೆಗೇರಿ ಅಳುವಾಗಿ ಹೊರಬಂತು. ಅದು ನಿಂತಾಗ ಕಾಲು ತಾನಾಗಿಯೇ ಮಡಚಿಕೊಂಡಿತ್ತು. ತಮ್ಮನನ್ನು ಈಗ ಪೂರ್ತಿ ಬಿಟ್ಟುಕೊಟ್ಟೆ ಅನ್ನಿಸಿ, ಕಾಲನ್ನು ಮತ್ತೆ ಸೆಟೆಯಿಸಲು ನೋಡಿದೆ.